ಕೊಕ್ಕರೆಯ ಹೆಬ್ಬೆಟ್ಟು

"ಬೆರಳು ಅದ್ದಬೇಡ ಕಣೇ, ಮುಂಡೇದೇ! ಕೆರೆ ನೀರಿನ ಜೊತೆ ನಿನ್ನ ಕೊಳೆನೂ ಪರೀಕ್ಷೆ ಮಾಡ್ಲಾ ನಾನು?"

ನೀರು ಪರೀಕ್ಷೆಯ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೆರೆಯ ಮೆಟ್ಟಿಲ ಮೇಲೆ ನಿಂತಿದ್ದರು. ಎದೆಮಟ್ಟದ ನೀರಿನಲ್ಲಿ ಬಾಟ್ಲಿ ಹಿಡಿದು ನಿಂತಿದ್ದವಳು ನನ್ನ ಅತ್ತಿಗೆ. ಉದ್ದ ಕಾಲಿನವಳು, ದಿನವಿಡೀ ನೀರಲ್ಲಿ ನಿಂತು ಅಂತರಗಂಗೆ ಕಳೆ ಕೀಳುವವಳು. ಅದಕ್ಕೇ ನಮ್ಮ ಕೆಲಸದ ಮೇಸ್ತ್ರಿ ಅವಳಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದ. ಅವಳ ಹಿಂದೆ ಎರಡು ಮಾರು ದೂರದಲ್ಲಿ ನಾನು ಕಿತ್ತ ಗಿಡದ ಹೊರೆ ತಬ್ಬಿಕೊಂಡು ನಿಂತಿದ್ದೆ. ಬೇರಿನ ಕರಿ ಲೋಳೆ ಇಳಿದು ರವಿಕೆಯೊಳಗೆ ಹೋಗುತ್ತಿತ್ತು.

"ಅಲ್ಲಿ ಬೇಡ, ಆ ಮೂಲೇಲಿ ತುಂಬು," ಅಂದ ಮೇಸ್ತ್ರಿ.

ಆ ಮೂಲೆಗೆ ಬೆಳಿಗ್ಗೆ ಎರಡು ಟ್ಯಾಂಕರ್ ಬೋರ್‌ವೆಲ್ ನೀರು ಸುರಿದಿದ್ದನ್ನು ನಾವೆಲ್ಲ ನೋಡಿದ್ದೆವು. ಇಡೀ ಕೆರೆಯಲ್ಲಿ ತಳ ಕಾಣುತ್ತಿದ್ದುದು ಅಲ್ಲಿ ಮಾತ್ರ.

"ಅದು ಟ್ಯಾಂಕರ್ ನೀರಲ್ವಾ ಮೇಸ್ತ್ರಿ?" ಅಂದಳು ಅತ್ತಿಗೆ.

"ಕೊಕ್ಕರೆಗೆ ಕೊಕ್ಕು ಕೊಟ್ಟಿರೋದು ಮೀನು ಹಿಡಿಯೋಕೆ, ಮಾತಾಡೋಕಲ್ಲ."

ಸಾಹೇಬರೂ ನಕ್ಕರು. ಅತ್ತಿಗೆ ತುಂಬಿಕೊಟ್ಟಳು. ಮೇಸ್ತ್ರಿ ಅವಳ ಹೆಬ್ಬೆರಳನ್ನು ಸೆರಗಿಗೇ ಒರೆಸಿ, ಮಸಿಗೆ ಒತ್ತಿ, ಒಂದು ಕಾಗದದ ಮೇಲೆ ಊರಿದ.

"ಏನು ಬರ್ದಿದೆ ಸ್ವಾಮಿ?"

"ನೀರು ಅಂತ ಬರ್ದಿದೆ. ಹೋಗು, ಕೆಲ್ಸ ನೋಡು."

ನಮ್ಮ ನಲವತ್ತು ಮನೆಗಳು ಕೆರೆಯ ಪಕ್ಕದ ತಗ್ಗಿನಲ್ಲಿವೆ. ಮೇಲೆ ದಿಬ್ಬದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದರ ಕೊಳವೆ ನಮ್ಮ ಬೀದಿಯ ಅಡಿಯಲ್ಲೇ ಹಾದು ಕೆರೆಗೆ ಬಾಯಿ ಬಿಡುತ್ತದೆ. ಅಣ್ಣ ಮೀನು ಹಿಡಿಯುವವನು. ಮೊದಮೊದಲು ಅವನಿಗೆ ಇದೊಂದು ತಮಾಷೆಯಾಗಿತ್ತು. ನೀರು ಕೆಂಪಾದ ದಿನ ಬೆಳಿಗ್ಗೆ ತೆಪ್ಪ ತಳ್ಳುತ್ತಾ, "ಇವತ್ತು ಯಾರೋ ಕೆಂಪು ಸೀರೆ ಕೇಳಿದ್ದಾರೆ ಕಣೇ," ಅನ್ನುತ್ತಿದ್ದ. ಆಮೇಲೆ ಕಪ್ಪೆಗಳ ಸದ್ದು ನಿಂತಿತು. ಬಸವನಹುಳುಗಳ ಚಿಪ್ಪು ಮಾತ್ರ ಉಳಿಯಿತು. ಅಣ್ಣನ ಕಾಲಲ್ಲಿ ಹುಣ್ಣೆದ್ದು ಮಾಯಲೇ ಇಲ್ಲ, ಅವನು ತೆಪ್ಪ ಬಿಟ್ಟು ಜಗಲಿ ಹಿಡಿದ. ಕೆರೆಯಲ್ಲಿ ಹುಲುಸಾಗಿ ಬೆಳೆದದ್ದು ಅಂತರಗಂಗೆ ಒಂದೇ. ಅದನ್ನು ಕೀಳಲು ನಮ್ಮನ್ನು ಇಳಿಸಿದರು.

ಬಾಟ್ಲಿ ತುಂಬಿಕೊಟ್ಟ ಎಂಟನೆಯ ದಿನ ಬೆಳಿಗ್ಗೆ, ಉಳಿದಿದ್ದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಬಿಸಿಲೇರುವಷ್ಟರಲ್ಲಿ ದಡದ ಉದ್ದಕ್ಕೂ ಬಿಳಿ ಹೊಟ್ಟೆಗಳು. ಅಣ್ಣ ಕುಂಟುತ್ತಾ ಬಂದು ಒಂದನ್ನೆತ್ತಿ ಕಿವಿರು ಬಿಡಿಸಿ ನೋಡಿದ.

"ಉಸಿರು ಕಟ್ಟಿ ಸತ್ತಿವೆ," ಅಂದ. "ಮೀನೂ ನೀರಲ್ಲಿ ಮುಳುಗಿ ಸಾಯ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ."

ಒಂದು ಬಕೆಟ್ ತುಂಬಿಕೊಂಡು ಅಣ್ಣ, ಅತ್ತಿಗೆ, ನಾನು ಮೂವರೂ ಕೆರೆ ನೋಡಿಕೊಳ್ಳುವ ಕಚೇರಿಗೆ ಹೋದೆವು.

"ಚಪ್ಪಲಿ ಅಲ್ಲೇ ಬಿಡಿ. ಆ ಬಕೆಟ್‌ನ ಒಳಗೆ ತರ್ಬೇಡಿ. ಥೂ!" ಅಧಿಕಾರಿ ಫ್ಯಾನಿನ ವೇಗ ಹೆಚ್ಚಿಸಿ ಒಂದು ಕಡತ ಬಿಚ್ಚಿದ. "ನೀರು ಚೆನ್ನಾಗಿದೆ. ಮೀನು ಸಾಕ್ಬಹುದು ಅಂತ ರಿಪೋರ್ಟೇ ಬಂದಿದೆ."

"ಹಂಗಾದ್ರೆ ಇವು ಯಾಕೆ ಸತ್ವು ಸ್ವಾಮಿ?" ಅಣ್ಣ ಕೇಳಿದ.

"ನೀವು ಅಲ್ಲೇ ಒಗೀತೀರ, ಅಲ್ಲೇ ತೊಳ್ಕೋತೀರ. ಕಾರ್ಖಾನೆಯವ್ರ ಹತ್ರ ಕಾಗದ ಇದೆ. ನಿಮ್ಮ ಹತ್ರ ಏನಿದೆ? ಹುಣ್ಣು! ಕೆರೆ ಉಳೀಬೇಕಾದ್ರೆ ನಿಮ್ಮ ನಲವತ್ತು ಮನೆ ಎತ್ತಿಸ್ಬೇಕು ಅಂತ ಆರ್ಡರ್ ಆಗಿದೆ. ಒಂದು ತಿಂಗಳು ಟೈಮು."

ಅತ್ತಿಗೆ ಅಣ್ಣನನ್ನು ಸರಿಸಿ ಮುಂದೆ ಬಂದಳು. "ಆ ಬಾಟ್ಲೀಲಿದ್ದದ್ದು ಟ್ಯಾಂಕರ್ ನೀರು. ತುಂಬಿದೋಳು ನಾನೇ."

ಅಧಿಕಾರಿ ಹಾಳೆ ತಿರುಗಿಸಿ ಅವಳ ಕಡೆ ಹಿಡಿದ. "ಇದು ನಿನ್ನ ಹೆಬ್ಬೆಟ್ಟು ತಾನೆ? 'ಕೆರೆಯ ನಡುಭಾಗದ ನೀರನ್ನು ನನ್ನ ಕೈಯಾರೆ ತುಂಬಿರುತ್ತೇನೆ.' ಈಗ ಸುಳ್ಳು ಅಂದ್ರೆ ಜೈಲಿಗೆ ಹೋಗೋಳು ನೀನೇ. ಹೋಗ್ತೀಯಾ?"

ಜವಾನ ಬಕೆಟ್ಟನ್ನು ಕಾಲಿನಿಂದ ಅಂಗಳದಾಚೆಗೆ ತಳ್ಳಿದ. ಮೀನು ಮಣ್ಣಿನಲ್ಲಿ ಚೆಲ್ಲಿದವು.

ದಾರಿಯುದ್ದಕ್ಕೂ ಅಣ್ಣ ಬಾಯಿಗೆ ಬಂದಂತೆ ಬೈದ. ಕಾರ್ಖಾನೆಯವರನ್ನಲ್ಲ, ಅತ್ತಿಗೆಯನ್ನು. "ಮನೆಮುರುಕಿ, ನಿನ್ನ ಕೈಗೆ ಕರಿಹಾವು ಕಡಿಯ! ನಲವತ್ತು ಮನೆಗೆ ಕೊಳ್ಳಿ ಇಟ್ಯಲ್ಲೇ!" ಅವಳು ಖಾಲಿ ಬಕೆಟ್ ಹಿಡಿದು ಮುಂದೆ ಮುಂದೆ ನಡೆದಳು. ಮನೆಗೆ ಬಂದ ಮೇಲೆ ಅಮ್ಮ, "ಬಾಯಿ ಮುಚ್ಚೋ. ಅವಳು ತುಂಬ್ದೇ ಇದ್ದಿದ್ರೆ ಇವಳ ಕೈಲಿ ತುಂಬಿಸ್ತಿದ್ರು," ಅಂತ ನನ್ನ ಕಡೆ ತೋರಿಸಿದಳು. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ನಾನಾಗಿದ್ದರೂ ತುಂಬುತ್ತಿದ್ದೆ.

ಮರುದಿನ ಅತ್ತಿಗೆ ಎಂದಿಗಿಂತ ಮೊದಲೇ ಕೆಲಸಕ್ಕೆ ಇಳಿದಳು. ಆದರೆ ಗಿಡ ಕೀಳಲಿಲ್ಲ. ದಡದಲ್ಲಿ ಆಳೆತ್ತರ ಒಟ್ಟಿದ್ದ ಹಳೆಯ ಗಿಡವನ್ನು ತಬ್ಬಿ ತಂದು ಕೊಳವೆಯ ಬಾಯಿಗೆ ತುರುಕತೊಡಗಿದಳು. ಬೇರು, ಲೋಳೆ, ಹರಿದ ಚೀಲ, ಸತ್ತ ಮೀನು, ಸಿಕ್ಕಿದ್ದೆಲ್ಲ. ಕಾಲಿನಿಂದ ಒದ್ದು ಒದ್ದು ಒಳಗೆ ತಳ್ಳಿದಳು.

"ಅತ್ತಿಗೆ, ನೀರು ಮೊದ್ಲು ನಮ್ಮ ಬೀದೀಲೇ ಏಳ್ತದೆ," ಅಂದೆ.

"ಗೊತ್ತು."

"ಕಾರ್ಖಾನೆ ದಿಬ್ಬದ ಮೇಲಿದೆ. ಅಲ್ಲಿಗೆ ಮುಟ್ಟೋದೇ ಇಲ್ಲ."

"ಅದೂ ಗೊತ್ತು. ಆ ಹೊರೆ ಇತ್ತ ಕೊಡು."

ಕೊಟ್ಟೆ. ನಮ್ಮನ್ನು ನೋಡಿ ಇನ್ನೂ ಏಳೆಂಟು ಹೆಂಗಸರು ಬಂದರು. ಒಬ್ಬೊಬ್ಬರೂ ಒಂದೊಂದು ಹೊರೆ ಎತ್ತಿದರು. ಕಾರ್ಖಾನೆಯ ಸೈರನ್ ಆಯಿತು. ಸ್ವಲ್ಪ ಹೊತ್ತಿಗೆ ಬೀದಿಯ ಕಲ್ಲುಚಪ್ಪಡಿಗಳ ಸಂದಿಯಿಂದ ನೀಲಿ ನೀರು ಜಿನುಗಿತು, ಆಮೇಲೆ ಉಕ್ಕಿತು. ಹಬೆಯಾಡುತ್ತಿತ್ತು. ಮಕ್ಕಳನ್ನು ಮಾಡಿನ ಮೇಲೆ ಹತ್ತಿಸಿದರು. ಅಣ್ಣ ಜಗಲಿಯಿಂದ ಕೂಗಾಡಿದ. ಕೂಗಿ ಸಾಕಾಗಿ ಗೋಡೆಗೊರಗಿ ಕೂತ.

ಮೇಸ್ತ್ರಿ ಓಡಿಬಂದ. ಹಿಂದೆಯೇ ಜೀಪಿನಲ್ಲಿ ಅಧಿಕಾರಿ.

"ತೆಗೀರೇ ಅದನ್ನ, ಹಲ್ಕಾ ಮುಂಡೇರಾ! ಇಳಿದು ತೆಗೀರಿ!" ಅಂತ ಅಧಿಕಾರಿ ಅರಚಿದ.

ನಾವು ಆಗಲೇ ಮೇಲೆ ಬಂದು ನಮ್ಮ ನಮ್ಮ ಹೊಸಿಲ ಮೇಲೆ ನಿಂತಿದ್ದೆವು. ಅತ್ತಿಗೆಯ ಕಾಲು ಮೊಣಕಾಲವರೆಗೆ ನೀಲಿಯಾಗಿತ್ತು.

"ನೀರು ಚೆನ್ನಾಗಿದೆಯಲ್ಲ ಸ್ವಾಮಿ," ಅಂದಳು. "ನೀವೇ ಇಳೀರಿ."

ಅಧಿಕಾರಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಬೂಟು ಬಿಚ್ಚಿದ. ನೀರು ನೋಡಿದ. ಬೂಟು ಮತ್ತೆ ಹಾಕಿಕೊಂಡ. ಯಾರಿಗೋ ಫೋನು ಮಾಡಿದರು, ಪೊಲೀಸರು ಅನ್ನುವ ಮಾತು ಕೇಳಿಸಿತು.

ಮನೆಯೊಳಗಿಂದ ಅಮ್ಮ ಅತ್ತಿಗೆಯನ್ನು ಕರೆದಳು. "ಮಗಳೇ, ಮಂಚದ ಕಾಲು ಮುಳುಗ್ತು ಕಣೇ."

"ಕಾಲು ಮೇಲೆ ಇಟ್ಕೊಳ್ಳಿ ಅತ್ತೆ," ಅಂದಳು ಅತ್ತಿಗೆ, ತಿರುಗಿ ನೋಡದೆ.