ಬಿಗಿಯಾದದ್ದು ನಾನಲ್ಲ

ನಾನು ಒಂದು ಜೊತೆ ಚರ್ಮದ ಚಪ್ಪಲಿ. ಎಡಗಾಲಿನದೂ ನಾನೇ, ಬಲಗಾಲಿನದೂ ನಾನೇ. ಅಥಣಿಯ ಒಂದು ಮನೆಯ ಪಡಸಾಲೆಯಲ್ಲಿ ಹುಟ್ಟಿದೆ. ಹದ ಮಾಡಿದ ತೊಗಲನ್ನು ಬಡಿದು, ತೊಗಲಿನ ದಾರದಿಂದಲೇ ಹೊಲಿದು, ಎಣ್ಣೆ ಸವರಿದರು. ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ಧಾರವಾಡದ ಅಂಗಡಿಯಲ್ಲಿ ಚನ್ನಬಸಪ್ಪ ಎಂಬವನು ತನ್ನ ಹೆಂಡತಿಗೆಂದು ನನ್ನನ್ನು ಕೊಂಡ. ಹೊಸ ತೊಗಲು ಕಚ್ಚಿತೆಂದು ಆಕೆ ನನ್ನನ್ನು ಮೂಲೆಗೆ ತಳ್ಳಿದಳು. ಆಗ ನನ್ನನ್ನು ಮೆಟ್ಟಿದವಳು ಅವನ ಅತ್ತಿಗೆ ನೀಲವ್ವ. ಗಂಡ ತೀರಿದ ಮೇಲೆ ಖಾನಾವಳಿಯನ್ನು ಒಬ್ಬಳೇ ನಡೆಸುತ್ತಿದ್ದವಳು. ನಾನು ಅವಳನ್ನೂ ಕಚ್ಚಿದೆ. ಅವಳು ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಮೆಟ್ಟಿದಳು. ನಾನೇ ಸೋತೆ.

ಕೆಲವು ವರ್ಷ ಚೆನ್ನಾಗಿ ಕಳೆದವು. ಆಮೇಲೆ ನೀಲವ್ವನಿಗೆ ಬಿ.ಪಿ. ಎಂದರು. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ತಲೆನೋವು ಹೋಯಿತು. ಆದರೆ ಬೆಳಗ್ಗೆ ಸಲೀಸಾಗಿ ಒಳಗೆ ಬರುತ್ತಿದ್ದ ಪಾದ ಸಂಜೆ ಅರ್ಧದಲ್ಲೇ ಸಿಕ್ಕಿಕೊಳ್ಳತೊಡಗಿತು. ನನ್ನ ಪಟ್ಟಿ ಒತ್ತಿದ ಜಾಗ ಹಳ್ಳ ಬಿದ್ದು ಹಾಗೇ ಉಳಿಯುತ್ತಿತ್ತು. ಚಪ್ಪಲಿ ಕುಗ್ಗಿದೆ ಎಂದರು. ನಾನು ಕುಗ್ಗುವ ಜಾತಿಯವನಲ್ಲ.

ಚನ್ನಬಸಪ್ಪ ಬೇರೆಯೇ ಹೇಳಿದ. "ವೈನಿ, ಕಾಲು ಬಾತಾವಂದ್ರ ಕಿಡ್ನಿ ಹೋಗ್ಯಾವ. ವಯಸ್ಸಾತು, ಇನ್ನ ಮನ್ಯಾಗ ಕೂಡ್ರಿ. ಖಾನಾವಳಿ ನಾ ನೋಡ್ಕೋತೀನಿ."

ನೀಲವ್ವ ಹೆದರಿದ್ದಳು, ಅವಳ ಕಾಲ್ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದಿದ್ದವು. ಗುಳಿಗೆಯದೇ ಕಾಟವೆಂದು ಊಟಕ್ಕೆ ಬಂದವರೊಬ್ಬರು ಹೇಳಿದಾಗ ಯಾರನ್ನೂ ಕೇಳದೆ ಅದನ್ನು ಬಿಟ್ಟಳು. ಬಾವು ಇಳಿಯಿತು. ನಾನೂ ಖುಷಿಯಿಂದ ಹಿಗ್ಗಿದೆ. ಆದರೆ ಒಂದು ಮಧ್ಯಾಹ್ನ ಪಲ್ಯದ ಪಾತ್ರೆ ಹಿಡಿದವಳು ಕಣ್ಣು ಕತ್ತಲೆಗಟ್ಟಿ ಹೊಸ್ತಿಲಲ್ಲೇ ಕುಸಿದಳು. ಬಿ.ಪಿ. ಮತ್ತೆ ಏರಿತ್ತು.

ದವಾಖಾನೆಯಲ್ಲಿ ನಾನು ಬಾಗಿಲ ಬಳಿ ಬಿದ್ದುಕೊಂಡೇ ಎಲ್ಲ ಕೇಳಿದೆ. ಮೊದಲು ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರ್ ಶಾಹೀನ್ ಅವರೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿವೆ ಎಂದರು. ಈ ಗುಳಿಗೆಯಿಂದ ಕೆಲವರಿಗೆ ಪಾದ ಬಾಯುತ್ತದೆ. ಆದರೆ ತಾವಾಗಿ ಬಿಟ್ಟರೆ ಇನ್ನೂ ಅಪಾಯ. ಬೇರೆಯದನ್ನು ಕೊಡುತ್ತೇನೆ ಎಂದರು.

"ಬಾಯಾರ, ಗುಳಿಗಿ ಕೊಡೂ ಮುಂದ ಇದನ್ನ ಯಾಕ ಹೇಳಲಿಲ್ಲ?" ನೀಲವ್ವ ಡಾಕ್ಟರಮ್ಮನನ್ನು ಕೇಳಿದಳು.

ಜೊತೆಗೆ ಬಂದಿದ್ದ ಚನ್ನಬಸಪ್ಪ ಸುಮ್ಮನಿರಲು ಸನ್ನೆ ಮಾಡಿದ.

"ನೀ ಸುಮ್ಮನಿರು. ಕಾಲು ನಂದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೇಳಬೇಕಾಗಿತ್ರಿ, ತಪ್ಪಾತು. ಕಾಲು ಬಾತ ಕೂಡಲೇ ನೀವೂ ಬರಬೇಕಾಗಿತ್ತು."

"ಬರ್ತೀನಿ. ಈ ಹೊಸಾದು ಏನೇನ ಮಾಡತೈತಿ, ಅದನ್ನ ಮೊದಲ ಹೇಳ್ರಿ."

ಒಣಕೆಮ್ಮು ಬರಬಹುದು, ಥಟ್ಟನೆ ಎದ್ದರೆ ತಲೆ ತಿರುಗಬಹುದು, ತುಟಿ ಮುಖ ಬಾತರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು ಎಂದು ಅವರು ಬಿಡಿಸಿ ಹೇಳಿದರು. ನೀಲವ್ವ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು.

ಖಾನಾವಳಿಗೆ ಮರಳಿದಾಗ ಚನ್ನಬಸಪ್ಪ ಮುಂದೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಕೂತ. ನೀಲವ್ವ ಅವನೆದುರೇ ಹೋಗಿ ನಿಂತಳು. ಊಟ ಮಾಡುತ್ತಿದ್ದವರೂ ಕೈ ತಡೆದು ನೋಡಿದರು. ಕೊನೆಗೆ ಅವನೇ ಎದ್ದ.

ಈಗ ನನ್ನ ಅಟ್ಟೆ ಸವೆದಿದೆ. ಹಿತ್ತಲ ನಲ್ಲಿಗೆ ಹೋಗುವವರು ನನ್ನನ್ನು ಮೆಟ್ಟುತ್ತಾರೆ. ಮೊನ್ನೆ ಚನ್ನಬಸಪ್ಪನಿಗೂ ಬಿ.ಪಿ. ಬಂದು, ವೈನಿಯ ಗುಳಿಗೆಯ ಹೆಸರು ಕೇಳಿಕೊಂಡು ಬಂದಿದ್ದ. ಅವಳು ಹೇಳಲಿಲ್ಲ, ದವಾಖಾನೆಗೆ ಹೋಗಿ ಬಾಯಿಬಿಟ್ಟು ಕೇಳೆಂದು ಕಳಿಸಿದಳು.

ಮಳೆಗಾಲದಲ್ಲಿ ಬೂಸಲು ಹಿಡಿಯುತ್ತೇನೆ, ಬಿಸಿಲಿಗೆ ಬಿರಿಯುತ್ತೇನೆ. ಮುದಿತನವನ್ನು ಒಪ್ಪಿಕೊಂಡಿದ್ದೇನೆ. ಆದರೆ ಮೈಗೆ ಬಂದದ್ದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿ, ಇನ್ನು ಕೂತುಕೋ ಎನ್ನುವವರ ಮಾತನ್ನು ಒಪ್ಪುವುದಿಲ್ಲ. ಒಳಗೆ ಪಂಕ್ತಿ ಕೂತಿದೆ. ನೀಲವ್ವ ನಿಂತೇ ಬಡಿಸುತ್ತಿದ್ದಾಳೆ.