ಏಳು ತಿಂಗಳ ಕುಬಸ

ಕಾಶವ್ವನಿಗೆ ಯಾರೂ ಕುಬಸ ಮಾಡಿರಲಿಲ್ಲ. ಮಗ ಸಿದ್ಧೇಶ್ವರ ಹೊಟ್ಟೆಯಲ್ಲಿದ್ದಾಗ ತವರಿನಲ್ಲಿ ತಾಯಿ ಇರಲಿಲ್ಲ, ಅತ್ತೆಗೆ ಮನಸ್ಸಿರಲಿಲ್ಲ. ಅವಳು ಹಸಿರು ಸೀರೆ ಉಡಲಿಲ್ಲ, ಹೂವಿನ ದಂಡಿ ಕಟ್ಟಿಸಿಕೊಳ್ಳಲಿಲ್ಲ, ಬಾಯಿಗೆ ತುತ್ತಿಟ್ಟವರಿಲ್ಲ. ಈಗ ಮುಂಬಯಿ ಹತ್ತಿರದ ದಿವಾದ ಈ ಒಂದೇ ಕೋಣೆಯ ಮನೆಯಲ್ಲಿ, ಅಡುಗೆಕಟ್ಟೆಗೆ ಆತು ನಿಂತು, ಜ್ವರದ ಗುಳಿಗೆಯನ್ನು ನೀರಿಲ್ಲದೆ ನುಂಗುತ್ತ ಅವಳು ಅದನ್ನೇ ನೆನೆಯುತ್ತಿದ್ದಳು. ಓಣಿಯಲ್ಲಿ ಸೊಸೆಯ ತವರಿನವರ ದನಿ ಕೇಳಿಸಿತು. ಹೋಳಿಗೆಯ ಬುಟ್ಟಿ ಹೊತ್ತು ಬದಲಾಪುರದಿಂದ ಬಂದಿದ್ದರು.

ಸೊಸೆ ಶಿವಾನಿ ಹಿಂದಿನಿಂದ ಬಂದು ಅವಳ ಕತ್ತಿಗೆ ಕೈಯಿಟ್ಟು ನೋಡಿದಳು. "ಅತ್ತಿ, ಆಪ್ ಕೋ ಬುಖಾರ್ ಹೈ."

ಬದಲಾಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರಾ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

"ಜ್ವರಾನೂ ಇಲ್ಲ ಏನೂ ಇಲ್ಲ. ಒಲಿ ಮುಂದ ನಿಂತೀನಿ, ಮೈ ಬೆಚ್ಚಗ ಇರೂದಿಲ್ಲೇನು?"

"ಅಗಲೇ ಹಫ್ತೇ ಕರ್ ಲೇಂಗೇ ನಾ?"

"ಮುಂದಿನ ವಾರ ನಿನಗ ಎಂಟು ಹಿಡೀತೈತಿ. ಎಂಟರಾಗ ಯಾರ ಕುಬಸ ಮಾಡ್ತಾರ? ನಡಿ, ಸೀರಿ ಉಟ್ಕೋ."

ಆ ಹಸಿರು ಸೀರೆಯನ್ನು ತರಲೆಂದೇ ಕಾಶವ್ವ ಡೊಂಬಿವಲಿಗೆ ಹೋಗಿದ್ದಳು. ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತಲೂ ಜಾಗವಿರಲಿಲ್ಲ, ಯಾರೋ ಒಬ್ಬಳು ಅವಳ ಭುಜದ ಮೇಲೇ ಕೆಮ್ಮುತ್ತ ಬಂದಿದ್ದಳು. ಆ ಹಂಗಾಮಿನಲ್ಲಿ ಅರ್ಧ ಓಣಿ ಕೆಮ್ಮುತ್ತಿತ್ತು. ಮಹಾನಗರಪಾಲಿಕೆಯ ಆರೋಗ್ಯ ಕೆಲಸದ ಪ್ರಾಜಕ್ತಾ ಅದೇ ಓಣಿಯವಳು. ಮನೆಮನೆಗೂ ಹೋಗಿ, ಇದು ಬರಿ ನೆಗಡಿಯಲ್ಲ ಫ್ಲೂ, ಬಸುರಿಯರಿಗೆ ಇಂಜೆಕ್ಷನ್ ಇದೆ, ಕೆಮ್ಮು ಬಂದವರು ಬೇರೆ ಕೋಣೆಯಲ್ಲಿ ಮಲಗಿ ಎಂದು ಹೇಳಿ ಹೋಗಿದ್ದಳು. "ಬ್ಯಾರೆ ಕೋಣಿ ಎಲ್ಲೈತಿ, ನೀನ ಕಟ್ಟಿಸಿಕೊಡವಾ," ಎಂದು ಕಾಶವ್ವ ನಕ್ಕಿದ್ದಳು. ಸಿದ್ಧೇಶ್ವರ ಹೆಂಡತಿಯನ್ನು ಇಂಜೆಕ್ಷನ್‌ಗೆ ಕರೆದೊಯ್ಯಲು ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. "ಬಸರಿಗೆ ಸೂಜಿ ಯಾಕ? ಹಡದ ಮ್ಯಾಲ ಬೇಕಾದಷ್ಟು ಚುಚ್ಚಸ್ರಿ." ಅವನು ಕಳಂಬೋಲಿಯ ಕಬ್ಬಿಣದಂಗಡಿಯಲ್ಲಿ ಲೆಕ್ಕ ಬರೆಯುವವನು, ಹೊತ್ತಾಗಿತ್ತು. "ಆತು ಬಿಡವಾ," ಎಂದು ಹೋಗಿಬಿಟ್ಟಿದ್ದ.

ಶಿವಾನಿ ಇವತ್ತು ಒಂದೇ ಹಟ ಹಿಡಿದಳು, ಮಾಸ್ಕ್ ಹಾಕಿಕೊಳ್ಳಲೇಬೇಕು ಎಂದು. ಬಾಗಿಲ ಹಿಂದಿನ ಮೊಳೆಗೆ ಕೊರೊನಾ ಕಾಲದ್ದೊಂದು ನೇತಾಡುತ್ತಿತ್ತು. ಕಾಶವ್ವ ಝಾಡಿಸಿ ಹಾಕಿಕೊಂಡಳು.

ಒಳಗೆ ಬಂದ ಬೀಗತಿ, ಶಿವಾನಿಯ ತಾಯಿ ಸಾಬವ್ವ, ಬುಟ್ಟಿ ಇಳಿಸುವ ಮೊದಲೇ ನಕ್ಕಳು. "ಇದೇನ ಬೀಗತಿ, ರಾಶಿ ತುಳಿಯೂ ಎತ್ತಿಗೆ ಹಾಕಿದಂಗ ಬಾಯಿಕುಕ್ಕಿ ಹಾಕ್ಕೊಂಡಿ? ನಮ್ಮ ಹೋಳಿಗಿ ಎಲ್ಲಿ ತಿಂದಾಳು ಅಂತ ಸೋಮಣ್ಣ ಬೀಗರು ಕಟ್ಟ್ಯಾರೇನು?"

ಹೆಂಗಸರೆಲ್ಲ ಹೋ ಎಂದರು. ಹೊರಗೆ ಕುರ್ಚಿ ಹಾಕಿ ಕೂತಿದ್ದ ಕಾಶವ್ವನ ಗಂಡ ಸೋಮಣ್ಣನೂ ನಕ್ಕ. ಕಾಶವ್ವ ತಾನೂ ನಕ್ಕಳು. ನಗು ಕೆಮ್ಮಾಗಿ ತಿರುಗಿತು. ಮಾಸ್ಕನ್ನು ಕೆಳಗೆಳೆದು ಸೆರಗು ಬಾಯಿಗೊತ್ತಿ ಕೆಮ್ಮಿದಳು. ಮತ್ತೆ ಅದನ್ನು ಮೇಲಕ್ಕೇರಿಸಲಿಲ್ಲ, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅರಿಷಿಣ ಕುಂಕುಮ ಹಚ್ಚಿದ ಮಾರಿ ಮುಚ್ಚಿಕೊಂಡು ಆರತಿ ಎತ್ತುವುದು ಅವಳಿಗೂ ಸರಿ ಕಂಡಿರಲಿಲ್ಲ.

"ಕಾಕೂ, ಮಾಸ್ಕ್ ನಕಾ ಕಾಢೂ," ಎಂದಳು ಗೋಡೆಗೆ ಒರಗಿ ಕೂತಿದ್ದ ಪ್ರಾಜಕ್ತಾ. ಅವಳನ್ನೂ ಉಡಿ ತುಂಬಿಸಿಕೊಳ್ಳಲು ಕರೆದಿದ್ದರು.

"ಇವತ್ತೊಂದ ದಿನ ಬಿಡವಾ, ತೆಗದ್ರ ಏನ ಆಗ್ತೈತಿ," ಎಂದು ಸಾಬವ್ವ ಅವಳ ತಟ್ಟೆಗೆ ಹೋಳಿಗೆ ಹಾಕಿ ತುಪ್ಪ ಸುರಿದಳು. ಪ್ರಾಜಕ್ತಾ ಎರಡನೇ ಸಲ ಹೇಳಲಿಲ್ಲ.

ಶಿವಾನಿಯನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಹಣೆಗೆ ದಂಡಿ. ಕಿಟಕಿಯನ್ನು ಮುಚ್ಚಿದ್ದರು, ಬಸುರಿಯ ಮೇಲೆ ಹೊರಗಿನವರ ಕಣ್ಣು ಬೀಳಬಾರದೆಂದು. ಸೆಕೆಗೆ ಎಲ್ಲರೂ ಬೆವರುತ್ತಿದ್ದರು. ಮೊದಲ ತುತ್ತು ಅತ್ತೆಯದು. ಕಾಶವ್ವ ಹೋಳಿಗೆ ಮುರಿದು ಹಾಲಲ್ಲಿ ಅದ್ದಿ ಬಾಗಿದಳು. ಹಾಡು ಹೇಳುತ್ತಿದ್ದ ಅವಳ ಬಾಯಿ ಸೊಸೆಯ ಮುಖದಿಂದ ಗೇಣು ದೂರವೂ ಇರಲಿಲ್ಲ. ಶಿವಾನಿ ಒಂದು ಗಳಿಗೆ ತುಟಿ ಬಿಗಿಹಿಡಿದಳು. ಎಲ್ಲರೂ ನೋಡುತ್ತಿದ್ದರು. ಬಾಯಿ ತೆರೆದಳು. ಗಲ್ಲದ ಮೇಲೆ ಹಾಲು ಹರಿಯಿತು. ಕಾಶವ್ವ ಸೆರಗಿನ ತುದಿಯಿಂದ ಅವಳ ತುಟಿ, ಗಲ್ಲ ಎಲ್ಲ ಮೆತ್ತಗೆ ಒರೆಸಿದಳು.

"ಮನ್ಯಾಗ ಈಗ ಎಷ್ಟ ಮಂದಿ ಆದ್ರಿ ಬೀಗತಿ?" ಎಂದು ಸಾಬವ್ವ ಕೆಣಕಿದಳು.

"ಐದು ಮಂದಿ," ಎಂದಳು ಕಾಶವ್ವ, ಹೊಟ್ಟೆಯೊಳಗಿನದನ್ನೂ ಎಣಿಸಿ.

ಕಾಶವ್ವನ ಜ್ವರ ತಾನಾಗಿಯೇ ಇಳಿಯಿತು. ಅವಳು ರೊಟ್ಟಿ ಬಡಿಯತೊಡಗಿದಾಗ ಶಿವಾನಿ ಹಾಸಿಗೆ ಹಿಡಿದಳು. ಮೈಯೆಲ್ಲ ಕುಟ್ಟಿ ಹಾಕಿದಂತಾಗಿದೆ ಎಂದಳು. ಕಾಶವ್ವ ಮೆಣಸಿನ ಕಷಾಯ ಕೊಟ್ಟಳು, ಅಜವಾನದ ಹೊಗೆ ಹಾಕಿದಳು. ಪ್ರಾಜಕ್ತಾ ಬಂದು ಇವತ್ತೇ ಆಸ್ಪತ್ರೆಗೆ ನಡೆಯಿರಿ, ಈ ಫ್ಲೂಗೆ ಗುಳಿಗೆ ಇದೆ, ಬೇಗ ಶುರು ಮಾಡಬೇಕು ಎಂದಳು.

"ಗುಳಿಗಿ ಕೂಸಿಗೆ ತಾಗ್ತಾವು. ನನಗೂ ಬಂದಿತ್ತು, ಹೋತಲ್ಲ?"

ಸೋಮಣ್ಣ ಪೇಪರ್ ಮಡಿಸಿದ. "ನಿನಗ ಬಂದದ್ದ ಬ್ಯಾರೆ, ಅಕಿಗೆ ಬಂದದ್ದ ಬ್ಯಾರೆ. ಅಕಿ ಇಬ್ಬರ ಉಸರ ಆಡ್ಬೇಕು."

"ನಿಮಗೇನ ತಿಳೀತೈತಿ ಹಡಿಯೂ ಮಾತು? ಸುಮ್ಮ ಕುಂಡ್ರಿ."

ಅವನು ಮಡಿಸಿದ ಪೇಪರನ್ನು ಮತ್ತೆ ಬಿಚ್ಚಿದ. ಸಿದ್ಧೇಶ್ವರ ಸಂಜೆ ಬಂದು ನೋಡಿದ, ನಾಳೆ ನೋಡೋಣ ಎಂದ. ನಾಳೆಯೂ ಹಾಗೇ ಹೋಯಿತು.

ಒಂದು ಬೆಳಿಗ್ಗೆ ಶಿವಾನಿಗೆ ಮಲಗಲು ಆಗಲಿಲ್ಲ. ಗೋಡೆ ಹಿಡಿದು ಕೂತು, ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸಿದ್ಧೇಶ್ವರ ಅವಳನ್ನು ಎತ್ತಿ ರಿಕ್ಷಾದಲ್ಲಿ ಹಾಕಿದ. ದಿವಾದ ರೈಲು ಗೇಟು ಮುಚ್ಚಿತ್ತು. ಒಂದು ಲೋಕಲ್ ಹೋಯಿತು. ಗೇಟು ಏಳುವಷ್ಟರಲ್ಲಿ ಇನ್ನೊಂದು ಫಾಸ್ಟ್ ಬಂತು. ಸಿದ್ಧೇಶ್ವರ ಇಳಿದು ಓಡಿ ಗೇಟಿನ ಕಬ್ಬಿಣಕ್ಕೆ ಮುಷ್ಟಿಯಿಂದ ಗುದ್ದಿದ. "ಎತ್ತೋ! ಖೋಲ್ ಭಾಯಿ!" ಮುಂದಿದ್ದ ಬೈಕಿನವನು ತಿರುಗಿ ನೋಡಿ, "ಗಾಡಿ ರುಕೇಗೀ ಕ್ಯಾ ತೇರೇ ಲಿಯೇ?" ಎಂದು ರೈಲಿನತ್ತ ಕೈ ಮಾಡಿ ಗದರಿದ. ಆಮೇಲೆ ರಿಕ್ಷಾದೊಳಗೆ ನೋಡಿ ಬೈಕನ್ನು ಪಕ್ಕಕ್ಕೆ ಸರಿಸಿದ. ಅದರಿಂದ ಏನೂ ಆಗಲಿಲ್ಲ. ಗೇಟು ಮುಚ್ಚಿಯೇ ಇತ್ತು.

"ಅತ್ತಿ," ಎಂದಳು ಶಿವಾನಿ. ಅಷ್ಟನ್ನೇ. ಕಾಶವ್ವ ಅವಳ ಬಾಯಿ ಒರೆಸಲು ಸೆರಗು ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು.

ಮೊದಲ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಖಾಲಿ ಇರಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. ನರ್ಸ್ ಸೂಜಿ ಹಾಕಲು ಜಾಗ ಹುಡುಕುತ್ತ ಬಳೆ ತೆಗೆಯಿರಿ ಎಂದಳು. ಕೈ ಬಾತು ಹೋಗಿತ್ತು, ಬಳೆ ಬರಲಿಲ್ಲ.

"ಒಡೀಬ್ಯಾಡ್ರಿ," ಎಂದು ಕಾಶವ್ವ ಅಡ್ಡ ಬಂದಳು. "ಕುಬಸದ ಬಳಿ ಅವು, ಒಡದ್ರ ಅಪಶಕುನ."

ನರ್ಸ್ ಅವಳನ್ನು ಭುಜ ಹಿಡಿದು ಸರಿಸಿ ಬಟ್ಟೆ ಸುತ್ತಿ ಒಡೆದಳು. ಚೂರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಾಶವ್ವನ ಕೈಗೇ ಕೊಟ್ಟಳು.

ಡಾಕ್ಟರು ಹೊರಗೆ ಬಂದು ಕೇಳಿದ್ದಕ್ಕೆಲ್ಲ ಸಿದ್ಧೇಶ್ವರ ಉತ್ತರಿಸಿದ. ಇಂಜೆಕ್ಷನ್ ಹಾಕಿಸಿರಲಿಲ್ಲ. ಔಷಧಿ ಶುರು ಮಾಡಿರಲಿಲ್ಲ. ಮನೆಯಲ್ಲಿ ಅದಕ್ಕೂ ಮೊದಲು ಯಾರಿಗಾದರೂ ಜ್ವರ ಬಂದಿತ್ತಾ ಎಂದು ಡಾಕ್ಟರು ಕೇಳಿದರು.

ಸಿದ್ಧೇಶ್ವರ ಇಲ್ಲವೆಂದು ತಲೆಯಾಡಿಸಲು ಹೋಗಿ ತಾಯಿಯ ಕಡೆಗೆ ತಿರುಗಿದ. "ಯವ್ವಾ, ಕುಬಸದ ದಿನ ನಿನಗ ಜ್ವರಾ ಇತ್ತೇನು?"

"ಒಲಿ ಮುಂದ ಇದ್ನೆಪಾ," ಎಂದಳು ಕಾಶವ್ವ. ಬಳೆಚೂರಿನ ಚೀಲವನ್ನು ಸೆರಗಿನಡಿಗೆ ಸರಿಸಿಕೊಂಡಳು.

ಅವನು ತಾಯಿಯೊಂದಿಗೆ ಇನ್ನೊಂದು ಮಾತು ಆಡಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ.

ತಾಯಿಯ ಉಸಿರಿಗೆ ಸುಲಭವಾಗಲೆಂದು ಮಗುವನ್ನು ತೆಗೆದರು. ಹೆಣ್ಣು. ಅಳಲಿಲ್ಲ. ಶಿವಾನಿ ಮೂರು ದಿನ ಯಂತ್ರದ ಉಸಿರಲ್ಲಿ ಇದ್ದಳು. ಸಾಬವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನಾನ ನಕ್ಕೆ, ಬಾಯಿಕುಕ್ಕಿ ಅಂತ ನಾನ ನಕ್ಕೆ," ಎಂದು ಹಣೆ ಬಡಿದುಕೊಂಡಳು. ಕಾಶವ್ವ ದೂರ, ನೀರಿನ ಟಾಕಿಯ ಹತ್ತಿರ ನಿಂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಹತ್ತಿರ ಹೋಗಿ ಕೂರಬಹುದಿತ್ತು.

ಜ್ವರದ ಸರ್ವೆಗೆ ಪ್ರಾಜಕ್ತಾ ಮತ್ತೆ ಓಣಿಗೆ ಬಂದಾಗ ಕಾಶವ್ವ ಹೊಸ್ತಿಲಲ್ಲಿ ಕೂತಿದ್ದಳು. ಮುಖಕ್ಕೆ ಮಾಸ್ಕ್ ಇತ್ತು. ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ. ಒಳಗೆ ಕಿಟಕಿ ಪೂರಾ ತೆರೆದಿತ್ತು, ಹಗ್ಗದ ಮೇಲೆ ಕುಬಸದ ಹಸಿರು ಸೀರೆ ಒಣಗಿ ಗಾಳಿಗೆ ಅಲುಗುತ್ತಿತ್ತು. ಅದನ್ನು ಯಾರೂ ತೆಗೆದು ಮಡಿಸಿರಲಿಲ್ಲ.

ಪ್ರಾಜಕ್ತಾ ಅವಳ ಕಣ್ಣು ತಪ್ಪಿಸಿ ಕಾಗದದ ಕಡೆ ನೋಡುತ್ತ ಮನೆಮಂದಿಯ ಲೆಕ್ಕ ಕೇಳಿದಳು. "ಕಾಕೂ, ಘರಾತ್ ಕಿತೀ ಜಣ?"

"ಐದು," ಎಂದಳು ಕಾಶವ್ವ.

ಪ್ರಾಜಕ್ತಾಳ ಪೆನ್ನು ನಿಂತಿತು. ಒಳಗಿನಿಂದ ಸೋಮಣ್ಣ ಕೂಗಿ ಹೇಳಿದ. "ಮೂರು ಮಂದಿ, ಬರಕೋವಾ. ಎರಡು ಹೋದ್ವು."