ನೀಲವ್ವನ ಜೋಡಿ

ಹೆಬ್ಬಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಕೋಲಾಟದಲ್ಲಿ ಶರಣವ್ವನಿಗೆ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ನೀಲವ್ವನೇ ಜೋಡಿ. ಈ ದಸರೆಗೆ ಧಾರವಾಡದ ಸ್ಪರ್ಧೆಗೆ ಹೊರಟಾಗ ಮಾತ್ರ, ನೀಲವ್ವನ ಮೊಣಕಾಲು ನೋವಿಗೆ ಅಂಜಿ, ಅವಳಿಗೆ ಹೇಳದೆಯೇ ಪಕ್ಕದ ಮನೆಯ ಐಶ್ವರ್ಯಾಳನ್ನು ಕರೆದೊಯ್ದಳು. ತಂಡಕ್ಕೆ ಮೊದಲ ಬಹುಮಾನ ಬಂತು.

ಮರಳಿದವಳೇ ನೀಲವ್ವನ ಮನೆಗೆ ಓಡಿದಳು. ನೀಲವ್ವ ಚಹಾ ಕೊಟ್ಟಳು. "ಛಲೋ ಆತ್ ಬಿಡವಾ."

"ಸೀಗಿ ಹುಣ್ಣಿಮಿಗೆ ನಾವಿಬ್ರೂ ಆಡೂಣಕ್ಕಾ," ಎಂದಳು ಶರಣವ್ವ.

"ನನ್ನ ಕೋಲು ಐಶ್ವರ್ಯಾಗ ಕೊಟ್ಟೇನಿ."

"ಬ್ಯಾರೆ ತರ್ತೇನಿ."

"ಕೋಲು ಎಲ್ಲಿ ಬೇಕಾದ್ರೂ ಸಿಗ್ತಾವ. ನೀ ಒಂದ್ ಮಾತು ಕೇಳಿದ್ರ, ನಾನ ಹಿಂದ ಸರೀತಿದ್ದೆ."



ಹುಣ್ಣಿಮೆಯಂದು ನೀಲವ್ವ ಹೆಂಗಸರ ನಡುವೆ ಕುಳಿತು ಹಾಡಿದಳು. ಆಟ ಮುಗಿಯುವ ಮೊದಲೇ ಎದ್ದು ಹೋದಳು. ಶರಣವ್ವ ಐಶ್ವರ್ಯಾಳ ಜೋಡಿಯಾಗಿ ಕುಣಿಯುತ್ತಲೇ ಅದನ್ನು ನೋಡಿದಳು. ಸುತ್ತನ್ನು ನಡುವೆ ಬಿಟ್ಟು ಅವಳ ಹಿಂದೆ ಹೋಗಲು ಆಗಲಿಲ್ಲ.